ಆಂಟೆನಾ ಬಿಟ್ಟು ಅವೇಳೆಯಲ್ಲಿ ಹಾರಿದ ಹದ್ದಿನವರಿಗೆ

ಮಾನ್ಯರೇ,

ನಮ್ಮ ಛಾವಣಿಯ ಆಂಟೆನಾದ ತುದಿಯಲ್ಲಿ ಪ್ರತಿ ಸಂಜೆ ವಿರಾಜಮಾನರಾಗುವ ತಮಗೆ, ಅದೇ ಛಾವಣಿಯ ಕೆಳಗೆ ವಾಸಿಸುವ ನನ್ನ ಸವಿನಯ ವಂದನೆಗಳು. ತಮ್ಮ ವಿಳಾಸ ಗೊತ್ತಿಲ್ಲದ ಕಾರಣ ಈ ಪತ್ರವನ್ನು ಬಹಿರಂಗವಾಗಿ ಬರೆದು ನೀರಿನ ತೊಟ್ಟಿಗೆ ಅಂಟಿಸಿದ್ದೇನೆ. ತಮ್ಮ ಕಣ್ಣು ಬಹಳ ಚುರುಕೆಂದು ಕೇಳಿದ್ದೇನೆ.

ನನ್ನ ಹೆಂಡತಿ ದೂರದ ಊರಿನ ಎಫ್‌ಎಂ ನಿಲಯದಲ್ಲಿ ಉದ್ಘೋಷಕಿ. ಆ ಕೆಲಸ ಒಪ್ಪಿಕೊಳ್ಳುವಾಗ ನಮ್ಮಿಬ್ಬರ ನಡುವೆ ಹುಟ್ಟಿದ ಮುನಿಸು ಇನ್ನೂ ಇಳಿಯದ ಕಾರಣ, ಫೋನಿನಲ್ಲಿ ಗ್ಯಾಸ್ ಬಂತೇ, ನಲ್ಲಿ ಸೋರುವುದು ನಿಂತಿತೇ ಎಂಬುದರಾಚೆಗೆ ಮಾತು ದಾಟುವುದಿಲ್ಲ. ರೇಡಿಯೋದಲ್ಲಾದರೋ ದಿನವೂ 'ಪ್ರಿಯ ಕೇಳುಗರೇ' ಎನ್ನುತ್ತಾಳೆ. ಅದರಲ್ಲಿ ನನ್ನ ಪಾಲೂ ಇದೆಯೆಂದು ನಂಬಿ ನಾನು ಪೈಪಿನ ಮೇಲೆ ಪೈಪು ಏರಿಸಿದೆ, ಕೇಬಲ್ ಬದಲಿಸಿದೆ, ಬೂಸ್ಟರ್ ಕೂರಿಸಿದೆ, ಆಂಟೆನಾವನ್ನು ದಿಕ್ಕುದಿಕ್ಕಿಗೂ ತಿರುಗಿಸಿದೆ. ನಮ್ಮಲ್ಲೇ ಇರುವ ಅತ್ತೆ, ಅಂದರೆ ಅವಳ ತಾಯಿ, ಕೆಳಗಿನಿಂದ ಬಂತು, ಹೋಯಿತು, ಮತ್ತೆ ಹೋಯಿತು ಎಂದು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡರು. ಬಂದದ್ದು ಬರೀ ಗೊರಗೊರ.

ಆಗ ತಾವು ಬಂದು ಕುಳಿತಿರಿ. ತಮ್ಮ ಭಾರಕ್ಕೆ ಆಂಟೆನಾದ ಮೂತಿ ತುಸು ಬಾಗಿತು, ಅವಳ ದನಿ ಪಕ್ಕದ ಕೋಣೆಯಿಂದ ಬಂದಷ್ಟು ನಿಚ್ಚಳವಾಗಿ ಕೇಳಿತು. ಸುಮ್ಮನೆ ಕುಳಿತೇ ಇಷ್ಟು ಜನೋಪಕಾರ ಮಾಡಿದವರನ್ನು ನಾನು ಯಾವ ಕಚೇರಿಯಲ್ಲೂ ಕಂಡಿಲ್ಲ.

ಆದರೆ ಮಹಾಶಯರೇ, ಕಳೆದ ಸೋಮವಾರ ತಾವು ಮಾಡಿದ್ದೇನು? ಕೇಳುಗರ ಪ್ರಶ್ನೆಗಳಿಗೆ ಉತ್ತರಿಸುವ ಅವಳ ಕಾರ್ಯಕ್ರಮಕ್ಕೆ, ನೇರವಾಗಿ ಕೇಳುವ ಧೈರ್ಯ ಸಾಲದೆ, 'ಛಾವಣಿಯ ಕೇಳುಗ' ಎಂಬ ಹೆಸರಿನಲ್ಲಿ, ದೂರ ಹೋದವರು ಮನೆಗೆ ಮರಳುವುದುಂಟೇ ಎಂದು ನಾನೊಂದು ಪ್ರಶ್ನೆ ಕಳಿಸಿದ್ದೆ. ಅವಳು ಅದನ್ನು ಓದಿದಳು, ಇನ್ನೇನು ಉತ್ತರಿಸಬೇಕು, ಅಷ್ಟರಲ್ಲಿ ತಾವು ಯಾವುದೋ ಇಲಿಯ ಆಸೆಗೆ ಹಾರಿಬಿಟ್ಟಿರಿ, ಉತ್ತರವೆಲ್ಲ ಗೊರಗೊರದಲ್ಲಿ ಮುಳುಗಿತು. ಆಮೇಲೆ ನಾನು ಫೋನು ಮಾಡಿ ಗ್ಯಾಸಿನ ಪುಸ್ತಕ ಎಲ್ಲಿದೆಯೆಂದು ಕೇಳಿದ್ದಕ್ಕೆ ಅವಳು ಫೋನನ್ನೇ ಇಟ್ಟುಬಿಟ್ಟಳು. ಅಂದಿನಿಂದ ನನಗೆ ಊಟ ಸೇರುತ್ತಿಲ್ಲ.

ಆದಕಾರಣ ತಾವು ಮುಂದಿನ ಸೋಮವಾರ ದಯಮಾಡಿ ಹೊಟ್ಟೆ ತುಂಬಿಸಿಕೊಂಡೇ ಕರ್ತವ್ಯಕ್ಕೆ ಹಾಜರಾಗಬೇಕು, ಕಾರ್ಯಕ್ರಮ ಮುಗಿಯುವ ತನಕ ರೆಕ್ಕೆ ಬಿಚ್ಚಬಾರದು, ರಜೆ ಅನಿವಾರ್ಯವಾದಲ್ಲಿ ತಮ್ಮಷ್ಟೇ ತೂಕದ ಬಂಧುಗಳೊಬ್ಬರನ್ನು ಬದಲಿಗೆ ಕಳಿಸಿಕೊಡಬೇಕು. ಗುಬ್ಬಚ್ಚಿಗಳಾದರೆ ಡಜನ್ನುಗಟ್ಟಲೆ ಬೇಕಾಗುತ್ತವೆ, ಅದೂ ಜಗಳವಾಡದವು.

ತಮ್ಮ ಭಾರವನ್ನೇ ನೆಚ್ಚಿಕೊಂಡಿರುವ,
ತಮ್ಮ ವಿಶ್ವಾಸಿ,
ಛಾವಣಿಯ ಕೇಳುಗ

ತಾ.ಕ.: ಸೋಮವಾರ ತಾವು ಇತ್ತ ತಲೆ ಹಾಕಲೇ ಇಲ್ಲ. ನನ್ನ ಗೋಳು ನೋಡಲಾರದೆ ಅತ್ತೆಯವರು ತಮ್ಮ ಜಾಗದಲ್ಲಿ ಕಪಾಟಿನ ಬೀಗವೊಂದನ್ನು ನೇತುಹಾಕಿಸಿದರು. ಅದು ಇಲಿಗೆ ಆಸೆಪಡದೆ ಕೊನೆಯವರೆಗೂ ತೂಗಿತು. ಛಾವಣಿಯ ಕೇಳುಗರಿಗೆ ಕಳೆದ ವಾರ ಹೇಳಿದ್ದು ಕೇಳಿಸಿದಂತಿಲ್ಲ, ಆದ್ದರಿಂದ ಮತ್ತೊಮ್ಮೆ ಹೇಳುತ್ತಿದ್ದೇನೆಂದು ಉದ್ಘೋಷಕಿಯವರು ತಿಳಿಸಿದರು: ಮೈಕಿಲ್ಲದ ಕಚೇರಿ ಕೆಲಸವೇ ಆದರೂ ಊರಿಗೆ ವರ್ಗ ಕೇಳಿ ಪಡೆದಿದ್ದಾರೆ, ಭಾನುವಾರ ಬರುತ್ತಾರೆ, ಅಷ್ಟರೊಳಗೆ ಬಟ್ಟೆ ಒಣಹಾಕುವ ಜಾಗದಿಂದ ಆ ಕಬ್ಬಿಣದ ಅವತಾರವನ್ನು ಕಿತ್ತಿರಬೇಕು. ಸ್ಪ್ಯಾನರ್ ಹಿಡಿದು ಕುಣಿಯುತ್ತಲೇ ಮೇಲೆ ಹತ್ತಿದ್ದೇನೆ. ತಮ್ಮ ಹುದ್ದೆ ರದ್ದಾಗಿದೆ, ಬೇರೆ ಜಾಗ ನೋಡಿಕೊಳ್ಳಿ. ಭಾನುವಾರದಿಂದ ನನ್ನನ್ನೂ ಯಾರೂ 'ಪ್ರಿಯ' ಎನ್ನುವುದಿಲ್ಲ; ನಾನೇನು ದೂರುತ್ತಿದ್ದೇನೆಯೇ?