ಕಂಪ್ಯೂಟರ್ ಕೇಳಿದ ಕೆಲಸದ ವೇಳೆ

ಹೋದ ತಿಂಗಳ ಒಂದು ಮಂಗಳವಾರ ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ ನರಗುಂದದ ನಮ್ಮ ಮನೆಯ ಕಂಪ್ಯೂಟರ್ ಯಾರನ್ನೂ ಕೇಳದೆ ಬಂದ್ ಆಗಿ, ಮತ್ತೆ ತಾನೇ ಶುರುವಾಯಿತು. ಆಗ ಪರದೆಯ ಮೇಲೆ ಹನ್ನೊಂದು ಸಾಲಿನ ಸುದ್ದಿಯಿತ್ತು: ಕೊಣ್ಣೂರಿನ ಸೇತುವೆಗೆ ಮಲಪ್ರಭೆಯ ನೀರು ಬಂದಿದೆ, ಬಸ್ಸುಗಳು ನಿಂತಿವೆ. ನಾನು ಜಿಲ್ಲಾ ಪತ್ರಿಕೆಯೊಂದರ ತಾಲ್ಲೂಕು ವರದಿಗಾರ. ಪ್ಯಾಂಟು ಮೊಣಕಾಲಿನವರೆಗೆ ಮಡಚಿ ಸ್ವತಃ ನೋಡಿ ಬಂದಿದ್ದೆ. ಕಂಪ್ಯೂಟರ್ ಹೊಸ ತಂತ್ರಾಂಶ ಹಾಕಿಕೊಂಡು ಕಣ್ಣು ಬಿಡುವಷ್ಟರಲ್ಲಿ ಪುಟ ಕಟ್ಟುವ ಹೊತ್ತು ಮೀರಿತ್ತು, ಬರೆದದ್ದೂ ಉಳಿದಿರಲಿಲ್ಲ. ಮರುದಿನ ಸುದ್ದಿ ಅಚ್ಚಾಯಿತು, ‘ರೋಣ ವರದಿಗಾರರಿಂದ’ ಎಂದು. ಅವರು ರೋಣ ಬಿಟ್ಟು ಕದಲಿರಲಿಲ್ಲ. ಫೋನಿನಲ್ಲೇ ಸೇತುವೆ ನೋಡಿದ್ದರು.

“ಇನ್ನೊಮ್ಮೆ ಹಿಂಗಾತಂದ್ರ ಕೊಣ್ಣೂರ ಸುದ್ದಿ ಕಾಯಂ ರೋಣದವರಿಗೇ ಬಿಡ್ತೀನ್ರಿ” ಎಂದರು ನಮ್ಮ ಉಪಸಂಪಾದಕರು.

ಸಿಟ್ಟಿಗಿಂತ ನನಗೆ ಕುತೂಹಲ ಹೆಚ್ಚು. ಐದು ಹತ್ತಕ್ಕೇ ಏಕೆ? ನಾಲ್ಕೂವರೆಗೆ ಏಕಲ್ಲ? ಗಜೇಂದ್ರಗಡದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಹೆಂಡತಿಯ ತಮ್ಮ ಬಸವರಾಜನಿಗೆ ಫೋನ್ ಹಚ್ಚಿದೆ.

“ಮಾಮಾ, ನೀವು ಕೆಲಸ ಮಾಡೂ ಟೈಮ್ ಯಾವುದು ಅಂತ ಅದು ಮೊದಲೇ ಕೇಳಿರ್ತೈತ್ರಿ. ಆ ಟೈಮಿನ್ಯಾಗ ತಾನಾಗಿ ಬಂದ್ ಆಗೂದಿಲ್ಲ. ನೀವೇನ್ ಬರದೀರಿ?”

ಹುಡುಕಿ ನೋಡಿದೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದು. ಕೊಂಡ ದಿನ ನಾನೇ ತುಂಬಿದ್ದು. ಪಾಪ, ಕಂಪ್ಯೂಟರ್ ನನ್ನನ್ನು ನಂಬಿತ್ತು. ಮೇಲೆ ಹತ್ತು ನಿಮಿಷದ ರಿಯಾಯಿತಿಯನ್ನೂ ಕೊಟ್ಟಿತ್ತು.

“ಹತ್ತರಿಂದ ಐದು ಇವ್ರು ಬಸ್ ಸ್ಟ್ಯಾಂಡಿನ ಚಾದಂಗಡ್ಯಾಗ ಇರ್ತಾರ” ಎಂದಳು ಹೆಂಡತಿ ಶಾಂತಾ, ಹೊಲಿಗೆ ಮಷೀನು ನಿಲ್ಲಿಸಿ, ತಮ್ಮನಿಗೂ ಕೇಳುವಂತೆ.

“ಅದು ಸುದ್ದಿ ಸಂಗ್ರಹ.”

“ಹಂಗಾರ ಕಂಪ್ಯೂಟರಿಗೂ ಒಂದ ಚಾ ಹೇಳ್ರಿ.”

ಬೆಳಿಗ್ಗೆ ಆರರಿಂದ ರಾತ್ರಿ ಹನ್ನೆರಡು ಎಂದು ಬರೆಯಿರಿ, ಹದಿನೆಂಟು ತಾಸಿನವರೆಗೆ ಒಪ್ಪುತ್ತದೆ ಎಂದ ಬಸವರಾಜ. ಕಾಣದ್ದನ್ನು ಬರೆದು ನನಗೆ ರೂಢಿಯಿಲ್ಲ. ನಾನು ಹದಿನೆಂಟು ತಾಸು ಕೆಲಸ ಮಾಡಿದ್ದನ್ನು ಈ ಮನೆಯಲ್ಲಿ ಯಾರೂ ಕಂಡಿಲ್ಲ. ಆಗ ಅವನು ಇನ್ನೊಂದು ದಾರಿ ತೋರಿಸಿದ: ಕಂಪ್ಯೂಟರಿಗೇ ಬಿಟ್ಟುಕೊಟ್ಟರೆ, ದಿನವೂ ಯಾವ ಹೊತ್ತಿನಲ್ಲಿ ಕೆಲಸ ನಡೆಯುತ್ತದೆಂದು ಗಮನಿಸಿ ತಾನೇ ವೇಳೆ ಗೊತ್ತುಮಾಡಿಕೊಳ್ಳುತ್ತದೆ. ಯಾರ ಕಡೆಗೂ ವಾಲದ ಸಾಕ್ಷಿ! ತಕ್ಷಣ ಒಪ್ಪಿದೆ. ಹದಿನೈದು ದಿನ ಸಂಜೆಯಾದರೆ ಅದರ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತೆ. ರೋಣದವರ ನೆನಪಾಗಿ, ಪ್ರತಿ ಸುದ್ದಿಯನ್ನೂ ಮೊದಲು ಕಾಗದದ ಮೇಲೆ ಬರೆದುಕೊಂಡೆ, ಕೊನೆಯ ಹತ್ತು ನಿಮಿಷದಲ್ಲಿ ಟೈಪ್ ಮಾಡಿ ಕಳಿಸಿದೆ.

ಹದಿನಾರನೆಯ ದಿನ ತೆರೆದು ನೋಡಿದರೆ, ಕೆಲಸದ ವೇಳೆ: ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಎರಡು. ಆ ಹೊತ್ತಿನಲ್ಲಿ ನಾನು ಮನೆಯಲ್ಲೇ ಇರುವುದಿಲ್ಲ.

“ಆವಾಗ ಇದರಾಗ ನಾ ಜಂಪರ್ ಹೊಲಿಯೂ ವಿಡಿಯೊ ನೋಡ್ತೀನ್ರಿ” ಎಂದಳು ಶಾಂತಾ. “ಖರೇ ಕೆಲಸ ಮಾಡವ್ರು ಯಾರಂತ ಅದಕ್ಕೂ ತಿಳದೈತಿ.”

ದಾಖಲೆಯನ್ನು ತಿದ್ದುವುದು ನನ್ನ ವೃತ್ತಿಗೆ ಒಪ್ಪುವ ಮಾತಲ್ಲ. ಈಗ ಬಸ್ ಸ್ಟ್ಯಾಂಡಿನ ಚಹಾ ಹನ್ನೆರಡಕ್ಕೇ ಮುಗಿಸಿ, ಕಂಪ್ಯೂಟರ್ ಗೊತ್ತುಮಾಡಿದ ವೇಳೆಗೆ ಮನೆ ಸೇರುತ್ತೇನೆ. ನಿನ್ನೆ ಬೆಳಿಗ್ಗೆ ಕೊಣ್ಣೂರಿನ ಸೇತುವೆಯ ಮೇಲೆ ಬಸ್ ಸಂಚಾರ ಮತ್ತೆ ಶುರುವಾಯಿತು. ಸುದ್ದಿ ಮಧ್ಯಾಹ್ನ ಒಂದೂವರೆಗೆ ಕಚೇರಿ ತಲುಪಿತು. ಇಂದು ‘ನರಗುಂದ ವರದಿಗಾರರಿಂದ’ ಎಂದು ಅಚ್ಚಾಗಿದೆ. ಒಂದು ಗಂಟೆಗೇ ತಲುಪಬೇಕಿತ್ತು. ಶಾಂತಾಳ ಜಂಪರಿನ ತೋಳು ಕತ್ತರಿಸುವ ವಿಡಿಯೊ ಇನ್ನೂ ಅರ್ಧ ತಾಸು ಬಾಕಿಯಿತ್ತು.