ಆರು ಇಂಚಿನ ನೇರ ಪೈಪು

ಅರುಣಕುಮಾರನ ಮನೆಯಲ್ಲಿ ಒಗ್ಗರಣೆ ಬಿದ್ದರೆ ಕೆಮ್ಮುವುದಕ್ಕೂ ಒಂದು ಸರತಿ ಇತ್ತು. ಮೊದಲು ಒಲೆಯ ಮುಂದೆ ನಿಂತ ಹೆಂಡತಿ ಪರಿಮಳಾ. ಆಮೇಲೆ ಹಿಂದಿನ ಕೋಣೆಯ ಮಂಚದ ಮೇಲಿದ್ದ ಅತ್ತೆ ಹಣಮಮ್ಮ. ಮೂರನೆಯದು ಪಡಸಾಲೆಯಲ್ಲಿ ಪೇಪರ್ ಹಿಡಿದು ಕೂತ ಸ್ವತಃ ಅರುಣಕುಮಾರನದು. ನಾಲ್ಕನೆಯ ಕೆಮ್ಮು ಗೋಡೆಯಾಚೆ ಮದೀನಾಬೀ ಮನೆಯಿಂದ ಬರುತ್ತಿತ್ತು. ಅದು ಕೇಳಿಸಿದ ಮೇಲೆಯೇ ಪರಿಮಳಾ, "ಇವತ್ತ ಖಾರ ಬರಾಬ್ಬರಿ ಬಿದ್ದದ" ಎಂದು ಪಾತ್ರೆಗೆ ಮುಚ್ಚಳ ಹಾಕುತ್ತಿದ್ದಳು.

ಶಹಾಪುರದ ಹಳೇ ಓಣಿಯ ಮನೆ ಅದು. ಎಡಕ್ಕೂ ಬಲಕ್ಕೂ ಪಕ್ಕದವರ ಗೋಡೆ. ಮೇಲೆ ಪರಸಿಕಲ್ಲಿನ ಹಾಸು. ಅದಕ್ಕೆ ತೂತು ಕೊರೆದರೆ ಮಳೆಗಾಲದಲ್ಲಿ ಮನೆಯೊಳಗೇ ಕಾಲುವೆ. ಮುಂದೆ ಪಡಸಾಲೆ, ನಡುವೆ ಅಡಿಗೆಮನೆ, ಹಿಂದೊಂದು ಕೋಣೆ, ಅದರಾಚೆ ಹಿತ್ತಲು. ಹೀಗಾಗಿ ಅಡಿಗೆಮನೆಗೆ ಹೊರಗಾಳಿ ಮುಟ್ಟುವ ಒಂದು ಗೋಡೆಯೂ ಇರಲಿಲ್ಲ. ಹೊಗೆ ಹುಟ್ಟಿದಲ್ಲೇ ಬೆಳೆದು, ಮನೆಯವರ ಜೊತೆಗೇ ಸಂಸಾರ ಮಾಡಿಕೊಂಡಿತ್ತು.

ಎಷ್ಟೋ ವರ್ಷ ಇದನ್ನು ಯಾರೂ ದೊಡ್ಡದು ಮಾಡಿರಲಿಲ್ಲ. ಆದರೆ ಪರಿಮಳಾ ಹೈಸ್ಕೂಲಿನ ಕನ್ನಡ ಟೀಚರು. ಒಂದು ದಿನ ಅವಳು ಸಂಧಿ ಪಾಠ ಮಾಡುವಾಗ ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, ಬಹಳ ವಿನಯದಿಂದ, "ಟೀಚರ್, ನಿಮ್ಮ ಮನ್ಯಾಗ ಇವತ್ತ ಪುಂಡಿಪಲ್ಯಾ ಏನ್ರಿ?" ಎಂದು ಕೇಳಿದಳು. ಸೀರೆಯ ಸೆರಗು ಅಷ್ಟು ಸ್ಪಷ್ಟವಾಗಿ ಸುದ್ದಿ ಹೇಳಿತ್ತು.

ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ತೀರ್ಪು ಕೊಟ್ಟಳು. "ಕೇಳ್ರಿ. ಈ ಹೊಗಿ ಮನಿ ಬಿಡೋ ಮಟ ನಾ ಒಗ್ಗರಣಿ ಹಾಕಂಗಿಲ್ಲ."

ಅರುಣಕುಮಾರ ನಕ್ಕ. ಎರಡು ದಿನ ಒಗ್ಗರಣೆಯಿಲ್ಲದ ಬೇಳೆ ಉಂಡ ಮೇಲೆ ನಗು ನಿಂತಿತು. ಮೂರನೆಯ ದಿನ ಅವನು ಟೇಪು ಹಿಡಿದು ಗೋಡೆ ಅಳೆಯತೊಡಗಿದ.

ಅವನು ಭೀಮರಾಯನಗುಡಿಯ ನೀರಾವರಿ ಆಫೀಸಿನಲ್ಲಿ ಹತ್ತೊಂಬತ್ತು ವರ್ಷದಿಂದ ಗುಮಾಸ್ತ. ಕಾಲುವೆಯ ಕಡತಗಳನ್ನು ಬರೆದು ಬರೆದು, ಹರಿಯುವ ವಸ್ತು ಯಾವುದೇ ಇರಲಿ ಅದು ತನ್ನ ಅಧಿಕಾರ ವ್ಯಾಪ್ತಿಗೆ ಬರುತ್ತದೆ ಎಂಬ ನಂಬಿಕೆ ಅವನಲ್ಲಿ ಬೇರೂರಿತ್ತು. (ಅಲ್ಲಿನ ಇಂಜಿನಿಯರುಗಳಿಗೆ ಇದು ಗೊತ್ತಿರಲಿಲ್ಲ.) ಜೊತೆಗೆ ಮೊಬೈಲಿನಲ್ಲಿ ಗಾಳಿಯ ಬಗ್ಗೆ ಹನ್ನೊಂದು ವಿಡಿಯೋ ನೋಡಿದ್ದ. ಹಿತ್ತಲ ಗೋಡೆಗೆ ಗಾಳಿ ಎಳೆಯುವ ಫ್ಯಾನು, ಅಲ್ಲಿಂದ ಅಡಿಗೆಮನೆಯ ಒಲೆಯ ಮೇಲ್ಗಡೆಯವರೆಗೆ ಪೈಪು. ಇಷ್ಟು ತೀರ್ಮಾನವಾಯಿತು. ಉಳಿದದ್ದು, ಯಾವ ಪೈಪು?

ಬಜಾರಿನಲ್ಲಿ ಜಲಾಲುದ್ದೀನನ ಪೈಪಿನ ಅಂಗಡಿ. ಆತ ಮೊದಲು ಹೊಳೆಯುವ ತಗಡಿನ ಮೆತ್ತನೆ ಕೊಳವೆಯೊಂದನ್ನು ಹಾರ್ಮೋನಿಯಂ ತಿದಿಯ ಹಾಗೆ ಎಳೆದು ತೋರಿಸಿದ.

"ಇದು ಒಯ್ರಿ ಸಾಹೇಬ್ರ. ಹೆಂಗ ಬೇಕಾದ್ರೂ ಬಾಗ್ತದ. ಒಂದು ತಾಸಿನ ಕೆಲಸ."

"ಒಳಗ ಬರೇ ನಿರಿಗಿ ಅವ. ಹವಾ ಮುಗ್ಗರಿಸ್ತದ."

"ಹವಾಕ್ಕ ಕಾಲಿಲ್ರಿ, ಮುಗ್ಗರಸಾಕ."

"ಜಿಡ್ಡು ಕುಂದರ್ತದ ಜಲಾಲಭಾಯಿ. ಬ್ಯಾಡ."

ಜಲಾಲುದ್ದೀನ ಚಪ್ಪಟೆ ಪ್ಲಾಸ್ಟಿಕ್ ಕೊಳವೆ ತಂದ. ಗೋಡೆಗೆ ಅಂಟಿಕೊಂಡು ಹೋಗುತ್ತದೆ, ನೋಡಲು ಚೆಂದ. ಮೂಲೆಯಲ್ಲಿ ಗಾಳಿ ನಿಲ್ಲುತ್ತದೆ ಎಂದು ಅರುಣಕುಮಾರ ಅದನ್ನೂ ತಿರಸ್ಕರಿಸಿದ. ಕೊನೆಗೆ ಬಂತು ದುಂಡನೆಯ, ಬಿಳಿಯ, ಹತ್ತು ಫೂಟಿನ ಗಟ್ಟಿ ಪ್ಲಾಸ್ಟಿಕ್ ಪೈಪು. ಒಳಗೆ ಕೈಯಾಡಿಸಿದ, ಹಾಲಿನ ಕೆನೆಯಷ್ಟು ನುಣುಪು. ಒಂದು ತುದಿಗೆ ಕಣ್ಣಿಟ್ಟು ನೋಡಿದ. ಇನ್ನೊಂದು ತುದಿಯಿಂದ ಬಜಾರಿನ ಆಡೊಂದು ಅವನನ್ನು ಅಷ್ಟೇ ಗಂಭೀರವಾಗಿ ನೋಡುತ್ತಿತ್ತು.

"ಇದs" ಎಂದ ಅರುಣಕುಮಾರ.

"ನಾಕ ಇಂಚೋ, ಆರೋ?"

"ಫ್ಯಾನಿನ ಬಾಯಿ ಆರು. ಕಾಲುವಿ ಸಣ್ಣದಾದ್ರ ನೀರು ಒಡ್ಡು ಒಡಿತದ. ಆರ ಕೊಡ್ರಿ."

ಕೂಡಿಸಲು ಬಂದ ಖಾಜಾಮಿಯಾ ಮೂವತ್ತು ವರ್ಷ ಪೈಪಿನ ಕೆಲಸ ಮಾಡಿದವನು, ಮಾತು ಕಡಿಮೆ. ಗೋಡೆ ನೋಡಿ, "ಮೂಲಿ ಹಿಡದು ಎರಡು ಬೆಂಡ್ ಕೊಟ್ಟು ಒಯ್ಯೂಣ್ರಿ" ಎಂದ. ಅರುಣಕುಮಾರ ಕೈ ಎತ್ತಿ ತಡೆದ. ಒಂದೊಂದು ಬೆಂಡಿಗೂ ಗಾಳಿಯ ವೇಗ ಎಷ್ಟು ಸಾಯುತ್ತದೆಂದು ಅವನಿಗೆ ಗೊತ್ತಿತ್ತು. ಪೈಪು ನೇರವಾಗಿಯೇ ಹೋಗಬೇಕು. ಆ ನೇರ ದಾರಿಯಾದರೋ ಹಿಂದಿನ ಕೋಣೆಯನ್ನು ಸೀಳಿಕೊಂಡು, ಹಣಮಮ್ಮನ ಮಂಚದ ತಲೆಗಡೆಯೇ ಹಾದು ಹೋಗುತ್ತಿತ್ತು. ವರ್ಷಕ್ಕೊಮ್ಮೆ ಜಿಡ್ಡು ಒರೆಸಲು ಪೈಪಿಗೊಂದು ಮುಚ್ಚಳವಿರುವ ಬಾಯಿಯೂ ಬೇಕೆಂದ. ಅದನ್ನು ಅಡಿಗೆಮನೆಯಲ್ಲೇ ಇಡೋಣವೆಂದು ಖಾಜಾಮಿಯಾ ಹೇಳಿದ. ಕಸ ಅನ್ನಕ್ಕೆ ಬೀಳುತ್ತದೆಂದು ಅರುಣಕುಮಾರ ಅದನ್ನು ಮಂಚದ ಪಕ್ಕಕ್ಕೇ, ಕೈಗೆ ಎಟಕುವಂತೆ ಇಡಿಸಿದ.

"ನಿಮ್ಮ ಮನಿ, ನಿಮ್ಮ ಮರ್ಜಿ" ಎಂದು ಖಾಜಾಮಿಯಾ ಗರಗಸ ಎತ್ತಿಕೊಂಡ.

ಹಣಮಮ್ಮನ ಬಗ್ಗೆ ಎರಡು ಮಾತು ಹೇಳಬೇಕು. ಆಕೆ ಪರಿಮಳಾಳ ತಾಯಿ, ಅಷ್ಟೇ ಅಲ್ಲ, ಅರುಣಕುಮಾರನ ತಂದೆಯ ಸ್ವಂತ ತಂಗಿ. ಅವನನ್ನು ಅಂಗಿಯಿಲ್ಲದ ಕಾಲದಿಂದ ನೋಡಿದವಳಾದ್ದರಿಂದ ಅಳಿಯನೆಂಬ ಭಯ ಆಕೆಗಿರಲಿಲ್ಲ. ತನ್ನೂರು ಕೊಂಕಲ್‌ನಿಂದ ಕಣ್ಣಿನ ಪೊರೆ ತೆಗೆಸಲೆಂದು ಬಂದಿದ್ದಳು. ಪೊರೆ ಹೋಗಿ ಮೂರು ತಿಂಗಳಾಗಿತ್ತು. ಈಗ ಆಕೆಯ ಕಣ್ಣಿಗೆ ಕಾಣದ್ದು ಕೊಂಕಲ್‌ನ ಬಸ್ಸು ಒಂದೇ.

ಫ್ಯಾನು ಚಾಲೂ ಆದ ದಿನ ಮನೆಯಲ್ಲಿ ಹಬ್ಬ. ಪರಿಮಳಾ ಹನ್ನೆರಡು ಒಣಮೆಣಸಿನಕಾಯಿ ಎಣ್ಣೆಗೆ ಹಾಕಿದಳು. ಹೊಗೆ ಮೇಲೆದ್ದಿತು, ಒಂದು ಕ್ಷಣ ಯೋಚಿಸಿತು, ಪೈಪಿನ ಬಾಯಿಗೆ ಹೋಗಿ ಮಾಯವಾಯಿತು. ಯಾರೂ ಕೆಮ್ಮಲಿಲ್ಲ. ಮದೀನಾಬೀ ಗೋಡೆಯಾಚೆಯಿಂದ, "ಪರಿಮಳಾ, ಇವತ್ತ ಅಡಿಗಿ ಮಾಡಿಲ್ಲೇನವಾ? ಆರಾಮ ಇದ್ದೀ ಇಲ್ಲೋ?" ಎಂದು ವಿಚಾರಿಸಿದಳು. ಅರುಣಕುಮಾರ ಆಫೀಸಿನ ಇಬ್ಬರನ್ನು ಕರೆತಂದು ಊದುಬತ್ತಿ ಹಚ್ಚಿ ಪ್ರಾತ್ಯಕ್ಷಿಕೆ ಕೊಟ್ಟ. ಹಣಮಮ್ಮ ಪೈಪನ್ನು ಎರಡು ಸಲ ತಟ್ಟಿ ನೋಡಿ, ಅದರ ಮೇಲೆ ತನ್ನ ಹಸಿ ಸೀರೆ ಒಣಹಾಕಿದಳು.

"ಅತ್ತೀ, ಅದು ಗಾಳಿ ಪೈಪು ಅದ."

"ಹೌದಪಾ. ಗಾಳಿಗೇ ಒಣಗಬೇಕಲ್ಲ ಸೀರಿ."

ಒಂದು ವಾರ ಹೀಗೆ ಸುಖವಾಗಿ ಕಳೆಯಿತು. ಒಂದು ಸಂಜೆ ಪರಿಮಳಾ ರೊಟ್ಟಿ ಬಡಿಯುತ್ತಿದ್ದಳು. ಫ್ಯಾನು ಬಂದ್ ಆಗಿತ್ತು. ಅರುಣಕುಮಾರ ಬಾಗಿಲಿಗೆ ಒರಗಿ, ದನಿ ತಗ್ಗಿಸಿ, "ಅತ್ತಿ ಊರಿಗಿ ಹೋಗೋ ವಿಚಾರ ಏನರ ಮಾಡ್ಯಾಳೇನು? ಅಕಿ ಬಂದಾಗಿಂದ ಟಿವಿ ರಿಮೋಟು ನನ್ನ ಕೈಗಿ ಸಿಕ್ಕಿಲ್ಲ" ಎಂದ. ಪರಿಮಳಾ ರೊಟ್ಟಿಯನ್ನು ಮತ್ತೂ ಜೋರಾಗಿ ಬಡಿದಳು.

ಮರುದಿನ ಬೆಳಿಗ್ಗೆ ಹಣಮಮ್ಮ ಚಹದ ಬಟ್ಟಲಿನ ಪಕ್ಕ ರಿಮೋಟು ತಂದಿಟ್ಟಳು. "ತಗೋ ತಮ್ಮಾ. ಕೈಗಿ ಸಿಕ್ತಲ್ಲ ಈಗ?"

ಅರುಣಕುಮಾರ ಚಹ ಬಿಟ್ಟು ರಿಮೋಟನ್ನೇ ತಿರುವಿ ತಿರುವಿ ನೋಡಿದ. ಎರಡು ದಿನ ಬಿಟ್ಟು, ಅತ್ತೆ ಮಾಡಿದ ಬದನೆಕಾಯಿ ಎಣ್ಣೆಗಾಯಿಯಲ್ಲಿ ಉಪ್ಪು ಜಾಸ್ತಿ ಎಂದು ಅಡಿಗೆಮನೆಯಲ್ಲಿ ಪಿಸುಗುಟ್ಟಿದ. ರಾತ್ರಿ ಎಲ್ಲರ ತಾಟಿಗೂ ಎಣ್ಣೆಗಾಯಿ ಬಿತ್ತು; ಅವನ ತಾಟಿಗೆ ಬರೀ ಮೊಸರು. "ಉಪ್ಪು ನಿನಗ ಆಗಂಗಿಲ್ಲಪಾ" ಎಂದಳು ಹಣಮಮ್ಮ, ಬಹಳ ಮಮತೆಯಿಂದ.

ಅರುಣಕುಮಾರನಿಗೆ ಸಂಶಯ ಬಂತು. ಮನೆಯಲ್ಲಿ ಇರುವವರು ಮೂವರು. ಹೇಳಿದವನು ತಾನು, ಕೇಳಿದವಳು ಹೆಂಡತಿ.

"ನಿಮ್ಮವ್ವಗ ಎಲ್ಲಾ ವರದಿ ಒಪ್ಪಸಾಕತ್ತೀ ಏನು?"

ಪರಿಮಳಾ ಲಟ್ಟಣಿಗೆ ಕೆಳಗಿಟ್ಟಳು. "ಏನಂದ್ರಿ?"

"ಇಲ್ಲಾಂದ್ರ ಅಕಿಗಿ ಹೆಂಗ ಗೊತ್ತಾಗ್ತದ?"

"ಹದಿನೇಳು ವರ್ಷ ನಿಮ್ಮ ಮಾತು ನನ್ನ ಹೊಟ್ಟ್ಯಾಗ ಇಟಗೊಂಡೀನಿ. ನಿಮ್ಮ ತಮ್ಮನ ಬಗ್ಗೆ ನೀವು ಅಂದಿದ್ದು ನಿಮ್ಮ ತಮ್ಮಗ ಮುಟ್ಯಾದೇನು? ನಿಮ್ಮ ಸಾಹೇಬ್ರ ಬಗ್ಗೆ ಅಂದಿದ್ದು?" ಅವಳ ಕಣ್ಣು ತುಂಬಿದ್ದವು. ಈ ಸಲ ಅದಕ್ಕೆ ಮೆಣಸಿನಕಾಯಿ ಕಾರಣವಾಗಿರಲಿಲ್ಲ.

ಆಮೇಲೆ ಎರಡು ದಿನ ಅವಳು ಮಾತಾಡಲಿಲ್ಲ. ಅರುಣಕುಮಾರನಿಗೆ ಮನೆ ಮನೆಯಂತೆ ಅನಿಸಲಿಲ್ಲ. ಆಡಬಾರದಾಗಿತ್ತು ಎಂದು ಒಳಗೇ ಕೊರೆಯುತ್ತಿದ್ದರೂ, ಮತ್ತೆ ಅತ್ತೆಗೆ ತಿಳಿದದ್ದು ಹೇಗೆ ಎಂಬ ಪ್ರಶ್ನೆ ಕ್ಷಮೆ ಕೇಳಗೊಡಲಿಲ್ಲ.

ಭಾನುವಾರ ಪರಿಮಳಾ ಮಾಳಿಗೆ ಮೇಲೆ ಬಟ್ಟೆ ಒಣಹಾಕುತ್ತಿದ್ದಾಗ, ಅವಳೊಂದಿಗೆ ರಾಜಿ ಮಾಡಿಕೊಳ್ಳಲೆಂದು ಅರುಣಕುಮಾರ ತಾನೇ ಚಹ ಮಾಡಲು ಒಲೆ ಹಚ್ಚಿದ. ನೀರಿಟ್ಟು, ಪುಡಿ ಹಾಕಿ, ಚಮಚವನ್ನು ಪಾತ್ರೆಗೆ ಬಡಿಯುತ್ತ ಸಕ್ಕರೆ ಹಾಕುತ್ತಿದ್ದಂತೆ ತಲೆಯ ಮೇಲಿಂದ, ಸ್ವಲ್ಪ ಗುಂಯ್‌ಗುಡುವ ಗಂಭೀರ ದನಿಯೊಂದು ಕೇಳಿತು.

"ಅರುಣ್ಯಾ, ಮೂರು ಚಮಚ ಆದ್ವು. ಸಾಕು ಸಕ್ರಿ. ಶುಂಠಿ ಜಜ್ಜಿ ಹಾಕು."

ಚಮಚ ಹಿಡಿದುಕೊಂಡೇ ಹಿಂದಿನ ಕೋಣೆಗೆ ಓಡಿದ. ಹಣಮಮ್ಮ ಮಂಚದ ಮೇಲೆ ಕಾಲುಚಾಚಿ ಕೂತಿದ್ದಳು. ಪೈಪಿನ ಮುಚ್ಚಳ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಿದ್ದಳು.

"ಅವತ್ತೊಂದಿನ ಸೆಕಿ ಭಾಳ ಇತ್ತು, ಹವಾ ಬರ್ಲಿ ಅಂತ ಬಿಚ್ಚಿದ್ನೆಪಾ" ಎಂದಳು. "ಹವಾ ಬರ್ಲಿಲ್ಲ. ನಿನ್ನ ಮಾತು ಬಂತು."

ಅರುಣಕುಮಾರ ಮಂಚದ ಅಂಚಿಗೆ ಕೂತ. ನಾಚಿಕೆಯಿಂದ ಕಿವಿ ಕೆಂಪಾಗಿದ್ದವು. "ತಪ್ಪಾತು ಅತ್ತೀ."

"ನನಗ ಯಾಕ ಹೇಳ್ತಿ? ನಾ ಕೇಳಿ ನಕ್ಕು ಬಿಟ್ಟೀನಿ. ಮ್ಯಾಲ ಅಕಿ ಅದಾಳ. ಅಕಿಗಿ ಹೇಳು ಹೋಗು."

ಮಾಳಿಗೆ ಹತ್ತಿ ಹೇಳಿದ. ಪರಿಮಳಾ ಪೂರ್ತಿ ಕೇಳಿಸಿಕೊಂಡು, ಒದ್ದೆ ಚಾದರದ ಒಂದು ತುದಿ ಅವನ ಕೈಗೆ ಕೊಟ್ಟು, "ಹಿಂಡ್ರಿ" ಎಂದಳು. ಮಾತು ಬಂತಲ್ಲ, ಅಷ್ಟೇ ಸಾಕಾಯಿತು ಅವನಿಗೆ. ಚಾದರ ಹರಿಯುವಷ್ಟು ಹಿಂಡಿದ.

ಸಂಜೆಗೇ ಖಾಜಾಮಿಯಾನನ್ನು ಕರೆಸಿದ. ಆತ ಪೈಪಿಗೆ ಕಿವಿಯಿಟ್ಟು ಕೇಳಿ, "ಗಟ್ಟಿ ಪೈಪು, ಒಳಗ ನುಣುಪು, ನೆಟ್ಟಗ ಅದ. ಆವಾಜು ಬರ್ದೆ ಏನ್ ಮಾಡ್ತದ್ರಿ? ನಿರಿಗಿ ಇದ್ರ ಅಲ್ಲೇ ನುಂಗತಿತ್ತು" ಎಂದ. ಹಾಗಾದರೆ ಬಿಚ್ಚಿ ಆ ಮೆತ್ತನೆಯದನ್ನೇ ಹಾಕು ಎಂದು ಅರುಣಕುಮಾರ ಹೇಳಿದ. ತಾಯಿ ಮಗಳು ಇಬ್ಬರೂ ಒಟ್ಟಿಗೇ ಬೇಡವೆಂದರು.

"ಹೊಗಿ ಹೋಗಾಕತ್ತದ, ಮಾತು ಸುಧಾರಸಾಕತ್ಯಾವ. ಇರ್ಲಿ" ಎಂದಳು ಪರಿಮಳಾ.

ಅಷ್ಟರಲ್ಲಿ ಹಣಮಮ್ಮ, "ನಾ ಮುಂದಿನ ಸೋಮವಾರ ಊರಿಗಿ ಹೋಗ್ತೀನಿ" ಎಂದಳು.

ಅರುಣಕುಮಾರನ ಎದೆಯಲ್ಲಿ ಫ್ಯಾನು ತಿರುಗಿದಂತಾಯಿತು. ಮುಖದಲ್ಲಿ ಮಾತ್ರ ದುಃಖ ತಂದುಕೊಂಡು, "ಇಷ್ಟು ಲಗೂನ ಯಾಕ ಅತ್ತೀ?" ಎಂದ.

"ನನ್ನ ಅಡಿಗಿ ಮನ್ಯಾಗೂ ಹಿಂಗs ಹೊಗಿ. ಇಂಥಾದ್ದs ಪೈಪು ಬೇಕು, ನೀನs ಆರಿಸಿದ್ದು ಇರಬೇಕು, ನೀನs ಬಂದು ಕುಂದರಸಬೇಕು. ನಾಕು ಮಂದಿ ಗೆಳತ್ಯಾರಿಗೂ ಫೋನ್ ಮಾಡಿ ಹೇಳೀನಿ, ನಮ್ಮ ಅಳಿಯ ಬಂದು ಎಲ್ಲಾರಿಗೂ ಮಾಡಿ ಕೊಡ್ತಾನಂತ."

"ಅತ್ತೀ, ನನಗ ರಜಾ..."

ಪರಿಮಳಾ ಟೇಬಲ್ಲಿನ ಮೇಲೆ ಒಂದು ಹಾಳೆ ತಂದಿಟ್ಟಳು. ಅವಳ ಮುತ್ತಿನಂಥ ಅಕ್ಷರದಲ್ಲಿ ಹತ್ತು ದಿನದ ರಜಾ ಅರ್ಜಿ ತಯಾರಿತ್ತು. ಕಾರಣ: ಕೊಂಕಲ್ ಗ್ರಾಮದಲ್ಲಿ ಅನಿವಾರ್ಯ ಕೌಟುಂಬಿಕ ವಾಯು ಸಂಚಾರ. ಸಹಿಗೆ ಮಾತ್ರ ಜಾಗ ಖಾಲಿ.

ಆ ಸೋಮವಾರ ಬೆಳಿಗ್ಗೆ, ಕೊಂಕಲ್ ದಾರಿಯ ಯಾದಗಿರಿ ಬಸ್ಸಿನಲ್ಲಿ ಹಣಮಮ್ಮ ಕಿಟಕಿಯ ಪಕ್ಕ ಕೂತಳು. ಉಳಿದ ಪೈಪುಗಳನ್ನು ಆಮೇಲೆ ಟೆಂಪೋದಲ್ಲಿ ಕಳಿಸುವುದಾಗಿ ಜಲಾಲುದ್ದೀನ ಹೇಳಿದ್ದ. ತನ್ನದೊಂದನ್ನು ಮಾತ್ರ ಜೊತೆಗೇ ಒಯ್ಯಬೇಕೆಂದು ಆಕೆ ಹಟ ಹಿಡಿದಿದ್ದಳು. ಹತ್ತು ಫೂಟಿನ ಆ ಬಿಳಿ ಪೈಪು ಸೀಟುಗಳ ನಡುವಿನ ದಾರಿಯುದ್ದಕ್ಕೂ ಚಾಚಿಕೊಂಡಿತ್ತು. ಅದರ ಅಡಿಯಲ್ಲಿ, ಎರಡೂ ಕೈಯಿಂದ ಎತ್ತಿ ಹಿಡಿದು, ಕತ್ತು ಹೊರಳಿಸಿ, ಮೊಣಕಾಲು ಮಡಚಿ ಅರುಣಕುಮಾರ ನಿಂತಿದ್ದ. ಜನ ತಲೆ ತಗ್ಗಿಸಿ ಪೈಪಿನ ಕೆಳಗೆ ನುಸುಳಿ ಓಡಾಡುತ್ತಿದ್ದರು.

ಕಂಡಕ್ಟರ್ ಬಂದು, "ಯವ್ವಾ, ಹಿಂಗಾದ್ರ ಈ ಸಾಹೇಬ್ರ ಟೊಂಕ ಬಾಗಿ ಹೋಗ್ತದ್ರಿ" ಎಂದ.

"ಬಾಗಲಿ ಬಿಡಪಾ" ಎಂದಳು ಹಣಮಮ್ಮ, ಟಿಕೀಟು ತಗೊಳ್ಳುತ್ತ. "ಅಳಿಯ ಬಾಗಿದ್ರ ನಡಿತದ. ಪೈಪು ಬಾಗಬಾರ್ದು."