ನಮ್ಮ ಓಣಿಯ ಮಾನ ಉಳಿಸಿದವರು

ದರ್ಜಿ ಅಂಗಡಿ ಮುಂದ ಒಂದು ಕಟ್ಟಿ ಇದ್ರ ಸಾಕು, ನಗಿ ತಾನಾಗೇ ನಡಕೊಂತ ಬಂದು ಕುಂದ್ರತೈತಿ. ನಿಜಾಮರ ಕಾಲದಾಗ ಮಸ್ಕಿಯಾಗ ನಂದೊಂದು ಹೊಲಿಗಿ ಮಿಶಿನ್ನು ಇತ್ತು, ಮುಂದ ಕಟ್ಟಿ ಇತ್ತು. ನಮ್ಮ ಓಣಿಯ ಹುತುತು, ಅಂದ್ರ ಕಬಡ್ಡಿ, ಆಡೋರು ಅಲ್ಲೇ ಕೂಡತಿದ್ರು, ಭಜನಿ ಮೇಳದವರೂ ಅಲ್ಲೇ. ಖರೆ ಹೇಳಬೇಕಂದ್ರ ಇವರೂ ಅವರೂ ಬ್ಯಾರೆ ಅಲ್ಲ. ಬಿಸಿಲಿನ್ಯಾಗ ತೊಡಿ ತಟ್ಟೋರು ಅವರೇ, ಸಂಜಿಮುಂದ ತಾಳ ತಟ್ಟೋರೂ ಅವರೇ.

ಗಾದಿ ಅಂಗಿ

ಒಮ್ಮೆ ಲಿಂಗಸುಗೂರಿನವರು ನಮ್ಮನ್ನ ಹುತುತು ಆಟಕ್ಕ ಕರದ್ರು. ನಮ್ಮ ತಂಡದ ಮುಖಂಡ ಕಮ್ಮಾರ. ಸುತ್ತಿಗಿ ಎತ್ತೀ ಎತ್ತೀ ರಟ್ಟಿ ಅನ್ನೋವು ಬುಡ್ಡಿಯಂಗ ಉಬ್ಬಿದ್ವು. ಓಡಿಕೊಂತ ಬಂದು ನನ್ನ ಮಿಶಿನ್ನಿನ ಮ್ಯಾಲೆ ಕೈ ಊರಿ ನಿಂತ.

"ಅವರೆಲ್ಲಾ ಒಂದೇ ಬಣ್ಣದ ಅಂಗಿ ಹಾಕ್ಕೊಂಡು ಇಳೀತಾರಂತೋ. ನಮ್ಮದು ನೋಡಿದ್ರ ಒಬ್ಬೊಬ್ಬಂದು ಒಂದೊಂದು ನಮೂನಿ ಹರಕು. ಸೋತ್ರ ಸೋಲೋಣು, ಆದ್ರ ಒಂದೇ ಮನಿಯವರಂಗ ಕಂಡು ಸೋಲಬೇಕು!"

ಅರಿವಿ ಅಂಗಡಿ ಶೆಟ್ಟರು ದೊಡ್ಡ ಮನಸು ಮಾಡಿ ಒಂದು ಥಾನು ಪುಕ್ಕಟೆ ಕೊಟ್ರು. ಬಿಚ್ಚಿ ನೋಡಿದ್ರ ನೀಲಿ ಪಟ್ಟಿಯ ಗಾದಿ ಬಟ್ಟಿ! ದಪ್ಪಂದ್ರ ದಪ್ಪ, ಹೊಲಿಯೂದ್ರಾಗ ನನ್ನ ಸೂಜಿ ಒದರಾಡಿದ್ವು. ಅಂಗಿ ಬಿಚ್ಚಿ ನೆಲದ ಮ್ಯಾಲೆ ಇಟ್ರ ಮನಿಶ್ಯಾರಂಗ ತಾವೇ ನಿಂದರ್ತಿದ್ವು.

ಲಿಂಗಸುಗೂರಿನ ಮೈದಾನದಾಗ ನಾವು ಕಾಲಿಟ್ಟಿದ್ದೇ ತಡ, ಮಂದಿ ಹೋ ಅಂದ್ರು. "ಬರ್ರೆಪ್ಪೋ ಬರ್ರಿ, ಗಾದಿ ಬಂದ್ವು ಗಾದಿ!"

ನಮ್ಮ ಹುಡುಗರ ಮಾರಿ ಸಣ್ಣವಾದ್ವು. ಕಮ್ಮಾರ ಮಾತ್ರ ಎದಿ ಸೆಟಿಸಿ ಹೇಳಿದ: "ಹೌದ್ರೆಪಾ, ನಿಮ್ಮನ್ನ ಮಲಗಸಾಕ ಅಂತಾನೇ ತಂದೀವಿ!"

ಮಾತಿನಂಗೇ ಆತು. ಅವರು ನಮ್ಮ ಅಂಗಿ ಹಿಡಿಯಾಕ ಹೋದ್ರ ಬಟ್ಟಿ ಮುಷ್ಟಿಯಾಗ ಕೂಡವಲ್ದು, ಜಗ್ಗಿದ್ರ ಹರೀವಲ್ದು. ಗೆದ್ದು ಬಂದ್ವಿ. ಮುಂದಿನ ಸಂತಿ ದಿನ ಸೋತ ತಂಡದ ಮುಖಂಡ ಹುಡುಕ್ಕೊಂತ ನನ್ನ ಅಂಗಡಿಗೇ ಬಂದ. "ಮಾಸ್ತರ, ನಮಗೂ ಅಂಥವೇ ಅಂಗಿ ಹೊಲದು ಕೊಡ್ರಿ."

"ಗಾದಿ ಬಟ್ಟಿ ಮುಗದೈತಪಾ," ಅಂದೆ. "ತಲಿದಿಂಬಿಂದು ಐತಿ, ನಡೀತೈತೇನು?"

ಮೆತ್ತನ ತಾಳ

ಭಜನಿ ಮೇಳದಾಗ ಒಬ್ಬ ಗಾಣಿಗ ಇದ್ದ. ಜಮಖಾನಿ ಹಾಸೂದು ಅವನೇ, ದೀಪ ಹಚ್ಚೂದು ಅವನೇ, ಎಲ್ಲಾರಕಿಂತ ಮೊದಲು ಬಂದು ಕಡೀಕೆ ಹೋಗಾವನೂ ಅವನೇ. ಆದ್ರ ತಾಳ ಅನ್ನೂದು ಅವನ ಕೈಗೆ ಬಂದಿರಲಿಲ್ಲ. ನಾವು ಹಾಡು ಮುಗಿಸಿದ ಮ್ಯಾಲೆ ಅವಂದು ಇನ್ನೂ ಎರಡು ಹೊಡತ ಬಾಕಿ ಇರತಿದ್ವು.

ಸಿಂಧನೂರಿಗೆ ಭಜನಿಗೆ ಹೋಗೂದಿತ್ತು. ಮೇಳದ ಹಿರಿಯ ಅಜ್ಜಾರು ನನ್ನನ್ನ ಬಾಜೂಕ ಕರದ್ರು. "ಬ್ಯಾಡ ಅಂದ್ರ ಅವನ ಜೀವ ಹೋಗತೈತಿ, ಕರಕೊಂಡು ಹೋದ್ರ ಹಾಡಿನ ಜೀವ ಹೋಗತೈತಿ. ಏನರ ಮಾಡೋ ತಮ್ಮಾ."

ನಾನು ಕಂಬಳಿ ತುಂಡು ಕತ್ತರಿಸಿ ಅವನ ತಾಳದ ಒಳಗ ಕೂಡಿಸಿ ಅದರ ದಾರಕ್ಕ ಹೊಲದೆ. ಅವ ತಿರುವಿ ಮುರುವಿ ನೋಡಿ, "ಇದ್ಯಾಕೋ?" ಅಂದ.

"ಥಂಡಿ ದಿನಾ ಅಲ್ಲೇನು, ಹಿತ್ತಾಳಿಗೆ ನೆಗಡಿ ಆಗಬಾರದು."

"ಹೌದೌದು," ಅಂತ ತಾಳ ಎರಡೂ ಎದಿಗೆ ಅವಚಿಕೊಂಡ.

ಸಿಂಧನೂರಿನ್ಯಾಗ ಅವ ಕಣ್ಣು ಮುಚ್ಚಿ, ಮೈಮರತು, ಬೆವರು ಇಳಿಯೂ ತನಕ ಬಾರಿಸಿದ. ಸಪ್ಪಳ ಒಂದಿಷ್ಟೂ ಇಲ್ಲ. ಅಲ್ಲಿ ಒಬ್ಬ ಸಾವಕಾರ್ರು, ಸಂಗೀತ ತಿಳದೋರು ಅಂತ ಸುತ್ತ ಹಳ್ಳಿಗೆಲ್ಲ ಹೆಸರು. ಭಜನಿ ಮುಗದಿದ್ದೇ ಎದ್ದು ಬಂದು ಶಾಲು ಹೊಚ್ಚಿದ್ದು ಯಾರಿಗೆ ಅಂತೀರಿ? ನಮ್ಮ ಗಾಣಿಗಗ!

"ಉಳದೋರದು ಬರೇ ಗದ್ದಲ. ಈ ಮನಿಶ್ಯಾನ್ನ ನೋಡ್ರಿ, ತಾಳ ಹಾಕ್ತಾನ, ಆದ್ರ ಹಾಡಿಗೆ ಅಡ್ಡ ಬರಂಗಿಲ್ಲ!"

ತಿರುಗಿ ಬರೂಮುಂದ ಬಂಡಿಯಾಗ ಅಜ್ಜಾರು ಮಾರಿ ಗಂಟು ಹಾಕ್ಕೊಂಡು ಕುಂತಿದ್ರು. ಗಾಣಿಗ ಶಾಲು ಸರಿ ಮಾಡ್ಕೊಂಡು ಅವರ ತೊಡಿ ಮ್ಯಾಲೆ ಕೈ ಇಟ್ಟ. "ಬ್ಯಾಸರ ಮಾಡ್ಕೊಬ್ಯಾಡ್ರಿ ಅಜ್ಜಾರ. ನಿಧಾನಕ ನಿಮಗೂ ಕಲಿಸಿ ಕೊಡ್ತೀನಿ."

ಅವ್ವನ ಬಂಗಾರ

ನಮ್ಮಣ್ಣಗ ಹಟ್ಟಿ ಬಂಗಾರದ ಗಣಿಯಾಗ ಕೆಲಸ ಸಿಕ್ತು. ಅವತ್ತಿಂದ ನಮ್ಮವ್ವ ನೀರಿಗೆ ಹೋದ್ರ ಕೊಡ ತುಂಬೂದು ಒಂದು ಗಳಿಗಿ, ಮಾತು ಮುಗಿಯೂದು ನಾಕು ಗಳಿಗಿ. "ನನ್ನ ಮಗ ಬಂಗಾರದಾಗ ಅದಾನ," ಅಂತಿದ್ಲು, ಗಣಿಯಾಗ ಅಂತಿರಲಿಲ್ಲ.

ಅಣ್ಣ ಸೂಟಿಗೆ ಬಂದ್ರ ಸಾಕು, ಅವನ ಅಂಗಿ ಬಿಚ್ಚಿಸಿ ಕೇರೂ ಮರದಾಗ ಝಾಡಿಸಿ, ಜ್ವಾಳ ಕೇರಿದಂಗ ಕೇರತಿದ್ಲು. ಓಣಿಯ ಹೆಣ್ಮಕ್ಕಳು ಸುತ್ತಲೂ ಕುಂತು ನೋಡತಿದ್ರು.

"ಅವ್ವಾ, ಬರೇ ದೂಳು ಐತಿ ಬೇ ಅದು," ಅಂತ ಅಣ್ಣ ಅಂಗಲಾಚತಿದ್ದ.

"ನೀ ಸುಮ್ಕಿರು. ಗಂಧದಂಗಡಿಗೆ ಹೋಗಿ ಬಂದಾವ ಘಮಾ ಅನ್ನಂಗಿಲ್ಲೇನು?"

ಒಂದಿನ ಮರದಾಗ ಏನೋ ಹಳದಿ ಮಿಣಕ್ ಅಂತು! ಅವ್ವ ಅದನ್ನ ಸೆರಗಿಗೆ ಗಂಟು ಹಾಕ್ಕೊಂಡು ಪತ್ತಾರನ ಮನಿಗೆ ಓಡಿದ್ಲು, ಹಿಂದ ಓಣಿಗೆ ಓಣಿ. ಪತ್ತಾರ ಒರೆಗಲ್ಲಿಗೆ ತಿಕ್ಕಿ ನಕ್ಕ.

"ಯಕ್ಕಾ, ಇದು ಹಿತ್ತಾಳಿ ಗುಂಡಿ ಚೂರು. ನಿನ್ನ ಸಣ್ಣ ಮಗ ದರ್ಜಿ ಅದಾನಲ್ಲ, ಅವ ಹಚ್ಚಿದ್ದು."

ಎಲ್ಲಾರೂ ಅವ್ವನ ಮಾರಿ ನೋಡಿದ್ರು. ಆಕಿ ಆ ಚೂರು ಹೊಳ್ಳಿ ಇಸಗೊಂಡು ಮತ್ತ ಗಂಟು ಹಾಕಿದ್ಲು. "ದೊಡ್ಡಾವಂದಲ್ಲಂದ್ರ ಸಣ್ಣಾವಂದು. ಅಂತೂ ಮಕ್ಕಳ ಗಳಿಕಿ ಹೌದಲ್ಲೋ? ನಡೀರೇ ಮನಿಗೆ!"

ಗುಡ್ಡದ ಮ್ಯಾಲಿನ ಸರದಾರ

ಕಡೀಕಡೀಕೆ ನಿಜಾಮರ ಸರ್ಕಾರಕ್ಕ ನಾಕು ಮಂದಿ ಕೂಡಿದ್ರೇ ಅನುಮಾನ ಬರಾಕತ್ತಿತ್ತು. ಹೊಸದಾಗಿ ಒಬ್ಬ ಅಮೀನಸಾಬ ಬಂದಿದ್ರು. ದೂರದ ಊರಿನ ಪೊಲೀಸ್ ಅಧಿಕಾರಿ, ಕನ್ನಡ ಆಗಷ್ಟೇ ಕಲಿಯಾಕತ್ತಿದ್ರು. ಒಂದಿನ ನಮ್ಮ ಮೇಳ ಕಟ್ಟಿ ಮ್ಯಾಲೆ ಹಾಡಾಕತ್ತಿದ್ದಾಗ ಒಬ್ಬ ಜವಾನನ್ನ ಕರಕೊಂಡು ಬಂದೇ ಬಿಟ್ರು. ನಾವು ಹಾಡು ಅರ್ಧಕ್ಕೇ ಬಿಟ್ಟು ಎದ್ದು ನಿಂತ್ವಿ.

"ನೀವು ಯಾರ ಮಂದಿ?"

ಅಜ್ಜಾರು ಕೈ ಮುಗದ್ರು. "ಮಲ್ಲಯ್ಯನ ಮಂದಿ ರೀ."

"ನಿಮ್ಮನ್ನ ಕೂಡಿಸಿದ್ದು ಯಾರು?"

"ಮಲ್ಲಯ್ಯನೇ ರೀ."

"ಅಚ್ಛಾ! ಅವನೇ ಸರದಾರ! ಎಲ್ಲಿ ಅದಾನ?"

"ಗುಡ್ಡದ ಮ್ಯಾಲೆ ರೀ."

"ಅಡಗಿ ಕುಂತಾನ! ಎಷ್ಟು ದಿನಾ ಆತು?"

"ನಮ್ಮ ಮುತ್ಯಾನ ಮುತ್ಯಾನ ಕಾಲದಿಂದ ಅಲ್ಲೇ ಅದಾನ್ರೀ."

ಅಮೀನಸಾಬರು ಜವಾನನ ಕಡೆ ಕಣ್ಣು ಕೆಕ್ಕರಿಸಿದ್ರು. "ಇಷ್ಟು ದಿನಾ ಒಬ್ಬರೂ ಹಿಡದಿಲ್ಲಾ? ಕೆಳಗ ಕರಸು ಅವನ್ನ!"

"ಅವ ಯಾರು ಕರದ್ರೂ ಇಳಿಯಂಗಿಲ್ರೀ," ಅಂದ್ರು ಅಜ್ಜಾರು. ಅವರಿಗೆ ಇದು ಚೇಷ್ಟಿ ಅಲ್ಲ, ಕೇಳಿದ್ದಕ್ಕ ಇದ್ದದ್ದು ಹೇಳಾಕತ್ತಿದ್ರು. "ಎಂಥೆಂಥಾ ದೊಡ್ಡೋರೂ ತಾವೇ ಹತ್ತಿ ಹೋಗ್ತಾರ."

ಸಾಹೇಬರಿಗೆ ಸಿಟ್ಟು ನೆತ್ತಿಗೇರಿತು. "ನನಗ ಸರದಾರ ಬೇಕು. ಉಳದೋರು ಮನಿಗೆ ಹೋಗ್ರಿ!" ಅಂತ ಒದರಿ ಗುಡ್ಡದ ಕಡೆ ಹೊಂಟ್ರು.

ನಮಗೆಲ್ಲಾ ನಾಳೆ ಎಲ್ಲಾರೂ ಜೇಲಿನ್ಯಾಗ ಅಂತ ಖಾತ್ರಿ ಆಗಿತ್ತು. ಆದ್ರ ಮನಿ ಕಡೆ ಒಬ್ಬಾವನೂ ಹೆಜ್ಜಿ ಇಡಲಿಲ್ಲ. ಮುಂದ ಬೂಟು ಟಕಟಕ ಅಮೀನಸಾಬ, ನಡಕ ಜವಾನ, ಹಿಂದ ಹಾರ್ಮೋನಿಯಂ ಹೊತಗೊಂಡು ಇಡೀ ಮೇಳ. ಬಿಸಿಲು ಸುಡಾಕತ್ತಿತ್ತು. ಅರ್ಧ ಗುಡ್ಡಕ್ಕ ಸಾಹೇಬರ ಟೊಪಿಗಿ ಕೈಗೆ ಬಂತು, ಮುಕ್ಕಾಲಿಗೆ ನಾಲಿಗಿ ಹೊರಗ ಬಂತು.

ತುದಿಯಾಗ ಗುಡಿಯ ಪೂಜಾರಿ ನೀರಿನ ತಂಬಗಿ ಹಿಡಕೊಂಡು ಎದುರು ಬಂದ.

"ಎಲ್ಲಿ... ಮಲ್ಲಯ್ಯ?"

"ಒಳಗ ಅದಾನ್ರೀ. ಬೂಟು ಬಿಚ್ಚಿ ಬರ್ರಿ."

ಸಾಹೇಬರು ಬಾಗಿಲದಾಗ ಬಗ್ಗಿ ಇಣಿಕಿದ್ರು. ಒಳಗ ನಂದಾದೀಪ, ಅದರ ಬೆಳಕಿನ್ಯಾಗ ಮಲ್ಲಯ್ಯನ ಲಿಂಗ. ಭಾಳ ಹೊತ್ತು ನೋಡಿದ್ರು. ಆಮ್ಯಾಲೆ ಸಾಹೇಬರು ಸಾವಕಾಶ ಮೆಟ್ಟಲ ಮ್ಯಾಲೆ ಕುಂತು, ತಂಬಗಿ ನೀರು ಗಟಗಟ ಕುಡದು, ಪೂಜಾರಿ ಕೊಟ್ಟ ಬಾಳಿಹಣ್ಣು ಸುಲದ್ರು.

ಜವಾನ ಇದೇ ಊರಾವ, ಆದ್ರ ಹುಕುಂ ಅಂದ್ರ ಹುಕುಂ ಅನ್ನೋ ಮನಿಶ್ಯಾ. ಮುಂದ ಬಂದು ಕಾಲು ಕೂಡಿಸಿ ಸಲಾಮು ಹೊಡದ. "ಸಾಹೇಬ್ರ, ಬೇಡಿ ತಂದೀನ್ರಿ. ಹಾಕಲೇನ್ರಿ?"

ಸಾಹೇಬರು ಬಾಯಾಗಿನ ಹಣ್ಣು ನುಂಗಿ ಹೇಳಿದ್ರು: "ಹಾಕು. ಮೊದಲು ಅವನ ಕೈ ಎಲ್ಲಿ ಅದಾವ, ತೋರಸು!"